ಹಟ್ಟಿಯ ಗೊರಕೆ, ಗದ್ದೆಯ ತುರಿಕೆ

ಗಂಗೊಳ್ಳಿ ನೀರಿನ ನಾಡು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಒಂದುಗೂಡಿ ಇಲ್ಲಿ ಕಡಲನ್ನು ಸೇರುವುದರಿಂದ ಈ ಸಂಗಮಕ್ಕೆ ಪಂಚಗಂಗಾವಳಿ ಎಂಬ ಹೆಸರು ಸಂದಿದೆ. ಅಳಿವೆಯ ಬಾಯಲ್ಲಿ ಮೀನುಗಾರಿಕೆ, ಅಲ್ಲಿಂದ ಒಳನಾಡಿಗೆ ಸಾಗಿದರೆ ಬೈಲುಗದ್ದೆ, ತೋಡು, ಮದಗ, ಅಡಿಕೆ ತೋಟ, ಮನೆಮನೆಗೂ ದನದ ಹಟ್ಟಿ. ಈ ನೀರಿನಿಂದಲೇ ಇಲ್ಲಿನ ಬದುಕು ನಡೆದುಬಂದಿದೆ.

ಇಂತಹ ನಾಡಿನಲ್ಲಿ ಎರಡು ಸಂಗತಿಗಳನ್ನು ನಾವು ತೀರ ಸಾಮಾನ್ಯವೆಂದು ಭಾವಿಸಿಬಿಡುತ್ತೇವೆ. ಮೊದಲನೆಯದು, ರಾತ್ರಿಯ ಹೊತ್ತು ಹಟ್ಟಿಯಲ್ಲಿ ಕೇಳಿಬರುವ ಮುದಿ ದನದ ಗೊರಗೊರ ಸದ್ದು. ಎರಡನೆಯದು, ನೇಜಿ ನೆಟ್ಟು ಬಂದವರ ಕಾಲುಗಳಲ್ಲಿ ಏಳುವ ಕೆಂಪು ಗುಳ್ಳೆಗಳು ಮತ್ತು ತಡೆಯಲಾರದ ತುರಿಕೆ. ದನದ ಗೊರಕೆಗೆ ವಯಸ್ಸನ್ನೂ ಶೀತವನ್ನೂ ಕಾರಣವಾಗಿ ಹೇಳುತ್ತೇವೆ. ಕಾಲಿನ ತುರಿಕೆಗೆ ಕೆಸರುನೀರನ್ನು ದೂರುತ್ತೇವೆ. ಇವೆರಡಕ್ಕೂ ಒಂದೇ ಕುಲದ ಪರೋಪಜೀವಿಗಳು ಕಾರಣವಾಗಿರಬಹುದೆಂಬ ವಿಚಾರ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಶಿಸ್ಟೊಸೋಮ ಎಂದು ವಿಜ್ಞಾನಿಗಳು ಕರೆಯುವ, ರಕ್ತನಾಳದೊಳಗೆ ಬಾಳುವ ಈ ಚಪ್ಪಟೆಹುಳುವಿನ ವಿಚಾರವನ್ನು ಈ ಸಂಚಿಕೆಯಲ್ಲಿ ಅರಿಯಲು ಯತ್ನಿಸೋಣ.

ಹುಳುವಿನ ಸ್ವರೂಪ

ದನ ಸಾಕುವವರಿಗೆ ಪಿತ್ತಜನಕಾಂಗದ ಚಪ್ಪಟೆಹುಳು ಪರಿಚಿತ. ಶಿಸ್ಟೊಸೋಮವು ಅದೇ ವರ್ಗಕ್ಕೆ ಸೇರಿದರೂ ಎರಡು ವಿಷಯಗಳಲ್ಲಿ ಭಿನ್ನವಾಗಿದೆ. ಇತರ ಚಪ್ಪಟೆಹುಳುಗಳಲ್ಲಿ ಸಾಮಾನ್ಯವಾಗಿ ಒಂದೇ ಹುಳು ಗಂಡೂ ಹೆಣ್ಣೂ ಆಗಿರುತ್ತದೆ. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ದಾರದಂತೆ ತೆಳುವಾದ ಹೆಣ್ಣುಹುಳುವನ್ನು ಗಂಡುಹುಳು ತನ್ನ ದೇಹದ ಉದ್ದನೆಯ ಮಡಿಕೆಯಲ್ಲಿ ಇರಿಸಿಕೊಂಡಿರುತ್ತದೆ. ಎರಡನೆಯದಾಗಿ, ಇದು ಕರುಳಿನಲ್ಲಿಯೋ ಪಿತ್ತನಾಳದಲ್ಲಿಯೋ ಇರದೆ ರಕ್ತನಾಳದ ಒಳಗೇ ವಾಸಿಸುತ್ತದೆ.

ಮನುಷ್ಯರಿಗೆ ಇದು ಬಹಳ ಹಳೆಯ ಶತ್ರು. 1910ರಲ್ಲಿ ಮಾರ್ಕ್ ಆರ್ಮಂಡ್ ರಫರ್ ಎಂಬ ವೈದ್ಯರು ಮೂರು ಸಾವಿರ ವರ್ಷಗಳಷ್ಟು ಹಳೆಯ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡಗಳಲ್ಲಿ ಇದರ ಮೊಟ್ಟೆಗಳನ್ನು ಕಂಡರು. ಹುಳುವನ್ನು ಮೊದಲು ಗುರುತಿಸಿದವರು ಥಿಯೋಡರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯರು, 1851ರಲ್ಲಿ, ಕೈರೋ ನಗರದಲ್ಲಿ. ಅವರ ಹೆಸರಿನಿಂದಲೇ ರೋಗಕ್ಕೆ ಬಿಲ್‌ಹಾರ್ಜಿಯಾ ಎಂಬ ಹೆಸರು ಬಂದಿತು. ಆಫ್ರಿಕಾ ಖಂಡದಲ್ಲಿ ಇಂದಿಗೂ ಇದರ ಹಾವಳಿ ಅಪಾರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನ 25 ಕೋಟಿಗೂ ಹೆಚ್ಚು ಜನರಿಗೆ ಇದರ ತಡೆಗಾಗಿ ಔಷಧಿಯ ಅಗತ್ಯವಿತ್ತು. ಒಂದು ಪ್ರಭೇದವು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ನೆಲೆಸಿ ಮೂತ್ರದಲ್ಲಿ ರಕ್ತ ಹೋಗುವಂತೆ ಮಾಡುತ್ತದೆ. ಬಹುಕಾಲ ಉಳಿದರೆ ಮೂತ್ರಕೋಶದ ಕ್ಯಾನ್ಸರಿಗೂ ದಾರಿಯಾಗುತ್ತದೆ. ಮತ್ತೆ ಕೆಲವು ಪ್ರಭೇದಗಳು ಕರುಳು ಮತ್ತು ಯಕೃತ್ತನ್ನು ಕೆಡಿಸುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೋಗಕ್ಕೆ ಮುಖ್ಯ ಕಾರಣ ಹುಳುವಲ್ಲ, ಅದು ಇಡುವ ಮೊಟ್ಟೆ. ಮೊಟ್ಟೆಗಳಲ್ಲಿ ಒಂದಷ್ಟು ದೇಹದಿಂದ ಹೊರಬೀಳುತ್ತವೆ. ಉಳಿದವು ಮಾಂಸದಲ್ಲಿ ಸಿಕ್ಕಿಬಿದ್ದು ಸುತ್ತಲೂ ಉರಿಯೂತವನ್ನೂ ಗಂಟುಗಳನ್ನೂ ಉಂಟುಮಾಡುತ್ತವೆ. ಹುಳು ವರ್ಷಗಟ್ಟಲೆ ಬದುಕಿ ಮೊಟ್ಟೆಯಿಡುತ್ತಲೇ ಇರುವುದರಿಂದ ಬಾಧೆಯೂ ಮೆಲ್ಲಮೆಲ್ಲನೆ ಬಲಿಯುತ್ತದೆ.

ಬಸವನ ಹುಳುವಿನ ಪಾತ್ರ

ಹುಳು ಒಂದು ದೇಹದಿಂದ ಮತ್ತೊಂದು ದೇಹಕ್ಕೆ ಹೇಗೆ ಹೋಗುತ್ತದೆಂಬುದು ಬಿಲ್‌ಹಾರ್ಜರ ಕಾಲದಿಂದ ಅರುವತ್ತು ವರ್ಷಗಳವರೆಗೆ ಬಿಡಿಸಲಾಗದ ಒಗಟಾಗಿತ್ತು. 1913ರಲ್ಲಿ ಜಪಾನಿನ ಮಿಯಾಯಿರಿ ಮತ್ತು ಸುಝುಕಿ ಎಂಬ ಸಂಶೋಧಕರು ಅದನ್ನು ಬಿಡಿಸಿದರು. ನಡುವೆ ಬಸವನ ಹುಳು ಇಲ್ಲದಿದ್ದರೆ ಈ ರೋಗವೇ ಇಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. 1915ರಲ್ಲಿ ರಾಬರ್ಟ್ ಲೀಪರ್ ಈಜಿಪ್ಟಿನಲ್ಲಿ ಅದನ್ನೇ ದೃಢಪಡಿಸಿದರು.

ರೋಗಗ್ರಸ್ತ ಮನುಷ್ಯನ ಅಥವಾ ಪ್ರಾಣಿಯ ದೇಹದಿಂದ ಮೊಟ್ಟೆ ಸಿಹಿನೀರಿಗೆ ಬಿದ್ದೊಡನೆ ಒಡೆದು, ಅದರಿಂದ ಈಜಬಲ್ಲ ಸೂಕ್ಷ್ಮ ಮರಿ ಹೊರಬರುತ್ತದೆ. ಕೆಲವು ಗಂಟೆಗಳಲ್ಲಿ ತಕ್ಕ ಜಾತಿಯ ಬಸವನ ಹುಳು ಸಿಕ್ಕದಿದ್ದರೆ ಅದಕ್ಕೆ ಸಾವು ಖಚಿತ. ಸಿಕ್ಕಿದರೆ ಅದರೊಳಗೆ ಹೊಕ್ಕು, ಕೆಲವು ವಾರಗಳಲ್ಲಿ ಒಂದು ಸಾವಿರಾರು ಆಗುತ್ತದೆ. ಬಳಿಕ ಕವಲುಬಾಲದ ಮರಿಗಳು ಬಸವನ ಹುಳುವಿನಿಂದ ನೀರಿಗೆ ಇಳಿಯುತ್ತವೆ. ಆ ನೀರಿನಲ್ಲಿ ಕಾಲಿಟ್ಟ ಮನುಷ್ಯನ ಇಲ್ಲವೆ ದನದ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ಕೊರೆದು, ಬಾಲವನ್ನು ಹೊರಗೇ ಕಳಚಿ ಒಳಸೇರುತ್ತವೆ. ಗಾಯವಿರಬೇಕೆಂದಿಲ್ಲ, ನೀರು ಕುಡಿಯಬೇಕೆಂದೂ ಇಲ್ಲ. ನೀರಿನಲ್ಲಿ ನಿಂತರೆ ಸಾಕು. ಒಳಹೊಕ್ಕ ಮರಿ ರಕ್ತದೊಡನೆ ಶ್ವಾಸಕೋಶಕ್ಕೂ ಅಲ್ಲಿಂದ ಯಕೃತ್ತಿಗೂ ಸಾಗಿ, ಬೆಳೆದು ಜೋಡಿಯಾಗಿ, ತನ್ನ ಪ್ರಭೇದಕ್ಕೆ ತಕ್ಕ ರಕ್ತನಾಳದಲ್ಲಿ ನೆಲೆಗೊಳ್ಳುತ್ತದೆ. ಹೀಗೆ ನೀರಿಗೆ ಬಿಟ್ಟ ಮರಿ ಯಾವ ದೇಹವೂ ಸಿಕ್ಕದಿದ್ದರೆ ಒಂದೆರಡು ದಿನಗಳೊಳಗೆ ಸಾಯುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು. ತಡೆಯ ಉಪಾಯ ಇದರಲ್ಲಿದೆ.

ನಮ್ಮ ದೇಶದ ದನಗಳ ಹುಳುವಿಗೆ ಆಶ್ರಯ ಕೊಡುವುದು ಇಂಡೊಪ್ಲಾನಾರ್ಬಿಸ್ ಎಂಬ ಬಸವನ ಹುಳು. ಚಕ್ಕುಲಿಯಂತೆ ಸುರುಳಿಸುತ್ತಿದ, ಚಪ್ಪಟೆಯಾದ, ಕಂದು ಬಣ್ಣದ ಚಿಪ್ಪು ಇದರ ಗುರುತು. ಕೆರೆ, ಮದಗ, ಗದ್ದೆ, ನಿಧಾನವಾಗಿ ಹರಿಯುವ ತೋಡುಗಳಲ್ಲಿ, ಕಳೆಗಿಡಗಳ ನಡುವೆ ಇದು ಬೆಳೆಯುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದರೆ ಕೆಸರಿನಲ್ಲಿ ಹುದುಗಿದ್ದು ಮಳೆ ಬಂದಾಗ ಮತ್ತೆ ಎದ್ದುಬರುತ್ತದೆ. ಅಳಿವೆಯ ಉಪ್ಪುನೀರು ಇದಕ್ಕೆ ಒಗ್ಗದು. ಆದ್ದರಿಂದ ಗಂಗೊಳ್ಳಿಯ ಬಂದರಿನಲ್ಲಿ ದುಡಿಯುವವರು ಈ ವಿಷಯದಲ್ಲಿ ಅಂಜಬೇಕಾಗಿಲ್ಲ. ಉಪ್ಪುನೀರು ಏರದ ಒಳನಾಡಿನ ಬೈಲುಗಳಲ್ಲಿ ದುಡಿಯುವವರು ಎಚ್ಚರದಿಂದಿರಬೇಕು.

ತಲೆಯ ಮೇಲೆ ಎರಡು ಕೋಡುಗಳನ್ನು ಹೊತ್ತು ಮೆಲ್ಲನೆ ನಡೆಯುವ ಈ ಪುಟ್ಟ ಜೀವಿಗೆ ಕನ್ನಡಿಗರು ಪ್ರೀತಿಯಿಂದ ಬಸವನ ಹುಳು ಎಂದು ಹೆಸರಿಟ್ಟರು. ಆ ಬಸವನಿಗೆ ತಗಲುವ ರೋಗವು ಬಸವನ ಹುಳುವಿನ ಮೂಲಕವೇ ಬರುತ್ತದೆಂಬುದು ವಿಷಾದದ ಸಂಗತಿ. ಆದರೆ ಅದನ್ನು ದ್ವೇಷಿಸಲು ಕಾರಣವಿಲ್ಲ. ಸೋಂಕಿದ ಬಸವನ ಹುಳು ಸಂತಾನಶಕ್ತಿಯನ್ನು ಕಳೆದುಕೊಳ್ಳುತ್ತದೆ, ಅದರ ಆಯುಷ್ಯವೂ ಕುಗ್ಗುತ್ತದೆ. ಅದೂ ಒಬ್ಬ ರೋಗಿಯೇ.

ದನಗಳ ಗೊರಕೆ ರೋಗ

ಭಾರತದ ದನಕರುಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಶಿಸ್ಟೊಸೋಮಗಳು ಕಾಣುತ್ತವೆ. ಇಂಡಿಕಮ್ ಮತ್ತು ಸ್ಪಿಂಡೇಲ್ ಎಂಬ ಎರಡನ್ನು 1906ರಲ್ಲಿ ಮಾಂಟ್‌ಗೊಮರಿ ಎಂಬ ಪಶುವೈದ್ಯ ವಿಜ್ಞಾನಿ ವಿವರಿಸಿದರು. ಇವು ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿರುತ್ತವೆ. ಮೊಟ್ಟೆಗಳು ಸಗಣಿಯೊಡನೆ ಹೊರಬೀಳುತ್ತವೆ. ಭೇದಿ, ಸೊರಗುವಿಕೆ, ರಕ್ತಹೀನತೆ ಇವುಗಳಿಂದ ಬರುವ ತೊಂದರೆಗಳು.

ಮೂರನೆಯದು ನಸಾಲೆ, ಎಂದರೆ ಮೂಗಿನ ಶಿಸ್ಟೊಸೋಮ. 1933ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟವರು ಮದರಾಸಿನ ವಿಜ್ಞಾನಿ ಎಂ. ಅನಂತನಾರಾಯಣ ರಾವ್. ನಮ್ಮ ಕುಂದಾಪುರ ಸೀಮೆಯೂ ಆಗ ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ದನಗಳ ಗೊರಕೆ ರೋಗವು ರೈತರಿಗೆ ಅದಕ್ಕಿಂತ ಮೊದಲೂ ಗೊತ್ತಿತ್ತು. ಆದರೆ ಅದರ ಮೂಲವು ಮೂಗಿನ ರಕ್ತನಾಳದೊಳಗಿನ ಹುಳುವೆಂಬುದು 1930ರ ದಶಕದ ಆರಂಭದಲ್ಲಿ ನಮ್ಮ ದೇಶದ ಪಶುವೈದ್ಯರ ಶ್ರಮದಿಂದ ಬೆಳಕಿಗೆ ಬಂದಿತು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ರಾಜ್ಯಗಳಲ್ಲಿ ಈ ರೋಗ ಇಂದಿಗೂ ಇದೆ.

ಮೊದಲು ದನದ ಮೂಗಿನಿಂದ ಸಿಂಬಳ ಸುರಿಯುತ್ತದೆ; ಕೆಲವೊಮ್ಮೆ ಅದರಲ್ಲಿ ರಕ್ತ ಬೆರೆತಿರುತ್ತದೆ. ದನ ಸೀನುತ್ತದೆ, ಮೂಗನ್ನು ಗೋಡೆಗೋ ಕಂಬಕ್ಕೋ ತಿಕ್ಕುತ್ತದೆ. ಮೂಗಿನ ಒಳಪದರದಲ್ಲಿ ಸಣ್ಣ ಗುಳ್ಳೆಗಳೆದ್ದು ಕ್ರಮೇಣ ಹೂಕೋಸಿನಂತಹ ಗಡ್ಡೆಗಳಾಗಿ ಬೆಳೆಯುತ್ತವೆ. ಉಸಿರಿನ ದಾರಿ ಕಿರಿದಾದಾಗ ಗೊರಕೆಯ ಸದ್ದು ಕೇಳಿಸುತ್ತದೆ. ಆ ಸದ್ದು ನಿದ್ದೆಯ ಸುಖದ ಗುರುತಲ್ಲ. ಉಸಿರಿಗಾಗಿ ನಡೆದಿರುವ ಹೋರಾಟ. ಇಂತಹ ಹಸುವಿನ ಹಾಲು ಇಳಿಯುತ್ತದೆ. ಎತ್ತು ನೊಗಕ್ಕೆ ಕೊರಳು ಕೊಟ್ಟು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ದಣಿಯುತ್ತದೆ. ಮುದಿಯಾಯಿತು, ಇನ್ನು ಪ್ರಯೋಜನವಿಲ್ಲ ಎಂದು ಅದನ್ನು ಮಾರಿಬಿಡುವುದುಂಟು. ಔಷಧಿಯಿಂದ ಗುಣವಾಗಬಹುದಾಗಿದ್ದ ಪ್ರಾಣಿಯನ್ನು ನಾವು ಅಜ್ಞಾನದಿಂದ ಕೈಬಿಟ್ಟಂತಾಗುತ್ತದೆ.

ಎಮ್ಮೆ ಕೋಣಗಳ ವಿಷಯದಲ್ಲಿ ಮತ್ತೂ ಎಚ್ಚರ ಬೇಕು. ಅವುಗಳಿಗೆ ಸೋಂಕು ತಗಲಿದರೂ ಗೊರಕೆ ಕೇಳಿಸುವುದು ಅಪರೂಪ. ಆದರೆ ಮೊಟ್ಟೆಗಳು ಮೂಗಿನಿಂದ ನೀರಿಗೆ ಸೇರುತ್ತಲೇ ಇರುತ್ತವೆ. ಕಟ್ಟುಮಸ್ತಾಗಿ ಕಾಣುವ ಕಂಬಳದ ಕೋಣವೂ ನೆರೆಮನೆಯ ಹಸುವಿನ ರೋಗಕ್ಕೆ ಮೂಲವಾಗಿರಬಹುದು. ಈ ಹುಳುವಿನ ಮೊಟ್ಟೆಗಳು ಸಗಣಿಯಲ್ಲಲ್ಲ, ಸಿಂಬಳದಲ್ಲಿ ಇರುತ್ತವೆ. ದನ ಮದಗಕ್ಕಿಳಿದು ಮೂತಿಯನ್ನು ನೀರಿಗೆ ಮುಟ್ಟಿಸಿ ಕುಡಿಯುವಾಗಲೇ ಮೊಟ್ಟೆಗಳು ಅಲ್ಲಿ ಬೀಳುತ್ತವೆ. ಅದೇ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತ ಅದರ ಕಾಲುಗಳ ಮೂಲಕ ಹೊಸ ಮರಿಗಳೂ ಒಳಸೇರಬಹುದು. ಕೊಡುವುದೂ ಕೊಳ್ಳುವುದೂ ಒಂದೇ ಕಡವಿನಲ್ಲಿ.

ಪಶುವೈದ್ಯರು ಸಿಂಬಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಾಗಿದ ಕೋಲಿನಾಕಾರದ ಮೊಟ್ಟೆಗಳನ್ನು ಗುರುತಿಸಿ ರೋಗವನ್ನು ಖಚಿತಪಡಿಸುತ್ತಾರೆ. ಆಂಟಿಮನಿ ಸೇರಿದ ಚುಚ್ಚುಮದ್ದನ್ನು ಹಿಂದಿನಿಂದಲೂ ಬಳಸುತ್ತ ಬಂದಿದ್ದಾರೆ. ಪ್ರಾಜಿಕ್ವಾಂಟೆಲ್ ಎಂಬ ಔಷಧಿಯೂ ಇದೆ. ಚುಚ್ಚುಮದ್ದನ್ನು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕೊಡಬೇಕಾಗುವುದರಿಂದ, ಗೊರಕೆ ತುಸು ತಗ್ಗಿತೆಂದು ನಡುವೆ ನಿಲ್ಲಿಸಬಾರದು.

ಗದ್ದೆಯ ತುರಿಕೆ

ದನದ ಹುಳುವಿನ ಮರಿಗೆ ದನದ ಕಾಲು ಯಾವುದು, ಮನುಷ್ಯನ ಕಾಲು ಯಾವುದು ಎಂಬ ವಿವೇಕವಿಲ್ಲ. ಗದ್ದೆಯ ನೀರಿನಲ್ಲಿ ಎದುರಾದ ಚರ್ಮವನ್ನು ಅದು ಕೊರೆಯುತ್ತದೆ. ಆದರೆ ಮನುಷ್ಯನ ದೇಹ ಅದಕ್ಕೆ ತಕ್ಕ ನೆಲೆಯಲ್ಲವಾದ್ದರಿಂದ ಚರ್ಮದಲ್ಲಿಯೇ ಸಾಯುತ್ತದೆ. ಸತ್ತ ಮರಿಗಳ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯೇ ಕೆಂಪು ಗುಳ್ಳೆ ಮತ್ತು ತುರಿಕೆ. ಮತ್ತೆ ಮತ್ತೆ ಅದೇ ನೀರಿಗೆ ಇಳಿದವರಲ್ಲಿ ಇದು ಹೆಚ್ಚು ತೀವ್ರವಾಗುತ್ತದೆ. ಅಸ್ಸಾಮಿನಲ್ಲಿಯೂ ಮಲೇಶಿಯಾದ ಭತ್ತದ ಗದ್ದೆಗಳಲ್ಲಿಯೂ ಈ ಬಾಧೆಯನ್ನು ವೈದ್ಯರು ದಾಖಲಿಸಿದ್ದಾರೆ. ನೀರುಹಕ್ಕಿಗಳ ಶಿಸ್ಟೊಸೋಮಗಳಿಂದಲೂ ಇಂತಹದೇ ತುರಿಕೆ ಬರುವುದುಂಟು.

ಈ ತುರಿಕೆ ಪ್ರಾಣಾಪಾಯದ್ದಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿ ಶಮನವಾಗುತ್ತದೆ. ಕೆರೆದು ಹುಣ್ಣು ಮಾಡಿಕೊಂಡರೆ ಮಾತ್ರ ಕೀವು ತುಂಬುತ್ತದೆ. ಗದ್ದೆಯಲ್ಲಿ ಬರುವ ತುರಿಕೆಗೆಲ್ಲ ಇದೊಂದೇ ಕಾರಣವೆಂದೂ ತಿಳಿಯಬಾರದು. ಗೊಬ್ಬರ, ಕೀಟನಾಶಕ, ಶಿಲೀಂಧ್ರಗಳಿಂದಲೂ ತುರಿಕೆಯುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಗದ್ದೆಯಲ್ಲಿ ದುಡಿದವರಿಗೆ ಜ್ವರ, ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು ಕಂಡುಬಂದರೆ ಅದು ಈ ಹುಳುವಿನ ತುರಿಕೆಯಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣುವ ಇಲಿಜ್ವರವಿರಬಹುದು. ಅದರಲ್ಲಿ ಒಂದು ದಿನದ ತಡವೂ ಸಲ್ಲದು.

ಗಿಮ್ವಿಯ ಪಾಠ

ಹಾಗಾದರೆ ಮನುಷ್ಯರ ರಕ್ತನಾಳದಲ್ಲಿಯೇ ನೆಲೆಸುವ ಹುಳು ನಮ್ಮ ದೇಶದಲ್ಲಿ ಇಲ್ಲವೇ? ಇಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. 1952ರಲ್ಲಿ ಗಾಡ್ಗೀಳ್ ಮತ್ತು ಶಾಹ ಎಂಬ ವೈದ್ಯರು ಅಂದಿನ ಮುಂಬಯಿ ರಾಜ್ಯದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಈ ರೋಗದ ನೆಲೆಯನ್ನು ಕಂಡು ಪ್ರಕಟಿಸಿದಾಗ ವೈದ್ಯಲೋಕ ಬೆರಗಾಯಿತು. ಮೂತ್ರದಲ್ಲಿ ರಕ್ತ ಹೋಗುತ್ತಿದ್ದವರು ಪರದೇಶಕ್ಕೆ ಹೋಗಿಬಂದವರಾಗಿರಲಿಲ್ಲ. ಊರಿನ ನೀರಿನಲ್ಲಿಯೇ ಮಿಂದವರು. ಅಲ್ಲಿ ಹುಳುವಿಗೆ ಆಶ್ರಯ ನೀಡಿದ್ದು ಇಂಡೊಪ್ಲಾನಾರ್ಬಿಸ್ ಅಲ್ಲ, ಫೆರಿಸಿಯಾ ಎಂಬ, ಕೆಲವೇ ಮಿಲಿಮೀಟರ್ ಗಾತ್ರದ, ಟೋಪಿಯಾಕಾರದ ಚಿಪ್ಪಿನ ಬಸವನ ಹುಳು. ಮುಂದೆ ಆ ಕೇಂದ್ರ ಕ್ಷೀಣಿಸಿತು.

ಗಿಮ್ವಿಯೂ ನಮ್ಮಂತೆಯೇ ಸಹ್ಯಾದ್ರಿಗೂ ಕಡಲಿಗೂ ನಡುವಣ ಊರು. ಅದೇ ಮುರಕಲ್ಲಿನ ನೆಲ, ಅದೇ ಮುಂಗಾರು. ಇದನ್ನು ಹೇಳುವ ಉದ್ದೇಶ ಭಯ ಹುಟ್ಟಿಸುವುದಲ್ಲ. ಮನುಷ್ಯರ ಈ ರೋಗ ನಮ್ಮ ದೇಶದಲ್ಲಿ ವ್ಯಾಪಕವಾಗಿಲ್ಲ. ಆದರೆ ಇಲ್ಲವೆಂದು ತಿಳಿದದ್ದು ಇದ್ದಿತೆಂಬುದನ್ನು ಗಿಮ್ವಿ ತೋರಿಸಿತು. ಯಾರೋ ಒಬ್ಬರು ರೋಗಿಯ ಮಾತನ್ನು ನಂಬಿ, ಮೂತ್ರವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದರಿಂದ ಅದು ಕಂಡಿತು.

2014ರಲ್ಲಿ ಫ್ರಾನ್ಸಿಗೆ ಸೇರಿದ ಕೋರ್ಸಿಕಾ ದ್ವೀಪದಲ್ಲಿಯೂ ಇಂತಹದೇ ಘಟನೆ ಬೆಳಕಿಗೆ ಬಂದಿತು. ಅಲ್ಲಿನ ಕಾವು ಎಂಬ ಹೊಳೆಯಲ್ಲಿ ಈಜಿದವರಿಗೆ ಮೂತ್ರಕೋಶದ ಶಿಸ್ಟೊಸೋಮ ತಗಲಿತ್ತು. ವಂಶವಾಹಿಗಳನ್ನು ಪರೀಕ್ಷಿಸಿದಾಗ ಮನುಷ್ಯರ ಹುಳುವೂ ದನಗಳ ಹುಳುವೂ ಬೆರೆತು ಹುಟ್ಟಿದ ಮಿಶ್ರತಳಿ ಅದೆಂದು ತಿಳಿಯಿತು. ಅದರ ಮೂಲ ಪಶ್ಚಿಮ ಆಫ್ರಿಕಾದ ಸೆನೆಗಲ್ ಕಡೆಯದು. ಮನುಷ್ಯರ ರೋಗ ಬೇರೆ, ಪಶುಗಳ ರೋಗ ಬೇರೆ ಎಂದು ನಾವು ಎಳೆದಿರುವ ಗೆರೆಯನ್ನು ಹುಳು ಗೌರವಿಸುವುದಿಲ್ಲ.

ಚೀನಾ ದೇಶದ ಪೊಯಾಂಗ್ ಸರೋವರದ ದಡದಲ್ಲಿ ನಡೆದ ಪ್ರಯೋಗವು ಇದೇ ಮಾತನ್ನು ಇನ್ನೊಂದು ಬದಿಯಿಂದ ಸಾಬೀತುಪಡಿಸಿತು. ಅಲ್ಲಿನ ಹುಳು ಮನುಷ್ಯರಲ್ಲಿಯೂ ಕೋಣಗಳಲ್ಲಿಯೂ ಬಾಳುವಂಥದು. ಜನರಿಗೆ ಎಷ್ಟು ಸಲ ಔಷಧಿ ಕೊಟ್ಟರೂ ರೋಗ ಮರಳುತ್ತಿತ್ತು. ದನಗಳು ದಡದ ಹುಲ್ಲುಗಾವಲಿಗೆ ಇಳಿಯದಂತೆ ತಡೆದು, ಉಳುಮೆಗೆ ಯಂತ್ರಗಳನ್ನು ಒದಗಿಸಿ, ನಲ್ಲಿ ನೀರು ಮತ್ತು ಶೌಚಾಲಯಗಳ ವ್ಯವಸ್ಥೆ ಮಾಡಿದ ಮೇಲೆ ಆ ಹಳ್ಳಿಗಳ ಜನರಲ್ಲಿ ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಜಪಾನ್ ದೇಶವು ಸುಮಾರು ಒಂದು ಶತಮಾನದ ಸತತ ಪ್ರಯತ್ನದಿಂದ, 1996ರಲ್ಲಿ, ಈ ರೋಗ ತನ್ನಲ್ಲಿ ಕೊನೆಗೊಂಡಿತೆಂದು ಸಾರಿತು.

ನಮ್ಮಿಂದ ಆಗಬೇಕಾದುದು

ಮೊದಲನೆಯದಾಗಿ, ದನಕ್ಕೆ ನೀರನ್ನು ಹಟ್ಟಿಯಲ್ಲಿಯೇ ಕೊಡಬೇಕು. ಬಾವಿಯ ನೀರನ್ನೋ ಅಕ್ಕಚ್ಚನ್ನೋ ಮರಿಗೆಯಲ್ಲಿ ಕುಡಿಸಿದರೆ ದನದ ಮೂಗು ಮದಗವನ್ನು ಮುಟ್ಟುವುದಿಲ್ಲ, ಕಾಲು ನೀರಿಗಿಳಿಯುವುದಿಲ್ಲ. ಚಕ್ರ ಎರಡು ಕಡೆ ತುಂಡಾಗುತ್ತದೆ. ಕೆರೆಯ ನೀರೇ ಬೇಕಾದಲ್ಲಿ, ಬಸವನ ಹುಳು ಬಾರದಂತೆ ಸೋಸಿ, ತೊಟ್ಟಿಯಲ್ಲಿ ಎರಡು ದಿನ ನಿಲ್ಲಿಸಿದರೆ ಮರಿಗಳು ಸಾಯುತ್ತವೆ.

ಎರಡನೆಯದಾಗಿ, ಗೊರಕೆ ಹೊಡೆಯುವ, ಮೂಗು ಸುರಿಯುವ ದನವನ್ನು ಪಶುವೈದ್ಯರಿಗೆ ತೋರಿಸಬೇಕು. ಹತ್ತಿರದ ಪಶು ಆಸ್ಪತ್ರೆಗೆ ಕೊಂಡೊಯ್ಯಲಾಗದಿದ್ದರೆ 1962 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಬಹುದು. ಒಂದು ಹಟ್ಟಿಯಲ್ಲಿ ರೋಗ ಕಂಡರೆ ಅದೇ ಮದಗಕ್ಕೆ ಇಳಿಯುವ ನೆರೆಹೊರೆಯ ದನ, ಎಮ್ಮೆ, ಕೋಣಗಳನ್ನೂ ಪರೀಕ್ಷಿಸಬೇಕು.

ಮೂರನೆಯದಾಗಿ, ಹಸಿ ಸಗಣಿಯನ್ನು ಹಾಗೂ ಹಟ್ಟಿ ತೊಳೆದ ನೀರನ್ನು ತೋಡಿಗೆ ಬಿಡಬಾರದು. ಗೊಬ್ಬರದ ಗುಂಡಿಯಲ್ಲಿ ಕೊಳೆಯಿಸಿದ ಬಳಿಕವೇ ಗದ್ದೆಗೆ ಹಾಕಬೇಕು. ಮದಗದ ಕಳೆಯನ್ನು ವರ್ಷಕ್ಕೊಮ್ಮೆ ಊರವರು ಕೂಡಿ ತೆಗೆದರೆ ಬಸವನ ಹುಳುಗಳು ತಾವಾಗಿ ಕಡಿಮೆಯಾಗುತ್ತವೆ. ಅಡಿಕೆ ತೋಟಕ್ಕೆಂದು ತಂದ ಮೈಲುತುತ್ತವನ್ನು ಕೆರೆಗೆ ಸುರಿಯುವ ಆಲೋಚನೆ ಬೇಡ. ಅದು ಬಸವನ ಹುಳುವಿನೊಡನೆ ಮೀನು ಕಪ್ಪೆಗಳನ್ನೂ ಕೊಲ್ಲುತ್ತದೆ.

ನಾಲ್ಕನೆಯದಾಗಿ, ಗದ್ದೆಗಿಳಿಯುವವರು ಸಾಧ್ಯವಾದಷ್ಟು ಮೊಣಕಾಲವರೆಗಿನ ಗಮ್‌ಬೂಟು ಧರಿಸಬೇಕು. ಅದು ಇಲಿಜ್ವರದಿಂದಲೂ ರಕ್ಷಣೆ ಕೊಡುತ್ತದೆ. ಮೇಲೆ ಬಂದೊಡನೆ ಕಾಲುಗಳನ್ನು ಒಣಬಟ್ಟೆಯಿಂದ ಉಜ್ಜಿ ಒರೆಸಿ, ಬಾವಿ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು.

ಐದನೆಯದಾಗಿ, ಉದ್ಯೋಗಕ್ಕಾಗಿ ಆಫ್ರಿಕಾದ ದೇಶಗಳಲ್ಲಿ ನೆಲೆಸಿ, ಅಲ್ಲಿನ ಸರೋವರ ನದಿಗಳಲ್ಲಿ ಮಿಂದು ಊರಿಗೆ ಮರಳಿದವರು ಮೂತ್ರದಲ್ಲಿ ರಕ್ತ ಕಂಡರೆ ಸಂಕೋಚಪಡದೆ ವೈದ್ಯರಲ್ಲಿ ಹೇಳಬೇಕು. ಎಲ್ಲಿ ಇದ್ದೆವು, ಯಾವ ನೀರಿಗಿಳಿದೆವು ಎಂಬುದನ್ನೂ ತಿಳಿಸಬೇಕು. ಕೇಳದಿದ್ದರೆ ಇಲ್ಲಿನ ವೈದ್ಯರಿಗೆ ಆ ರೋಗ ಹೊಳೆಯದೆ ಹೋಗಬಹುದು. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಇದು ಗುಣವಾಗುವ ಕಾಯಿಲೆ.

ಕಲ್ಯಾಣದ ಶರಣಸಮೂಹದಲ್ಲಿ ತುರುಗಾಹಿ ರಾಮಣ್ಣನವರಿದ್ದರು. ದನ ಕಾಯುವುದೇ ಅವರ ಕಾಯಕ. ಆ ಕಾಯಕದಿಂದಲೇ ಅವರು ಶರಣರ ಸಾಲಿನಲ್ಲಿ ಗೌರವದ ಸ್ಥಾನ ಪಡೆದರು. ದನ ಕಾಯುವುದೆಂದರೆ ಮೇಯಿಸಿ ತಂದು ಕಟ್ಟುವುದಷ್ಟೇ ಅಲ್ಲ. ಮಾತು ಬಾರದ ಜೀವದ ನೋವನ್ನು ಅದರ ಉಸಿರಿನಲ್ಲಿಯೇ ಗುರುತಿಸುವುದೂ ಆ ಕಾಯಕಕ್ಕೆ ಸೇರಿದೆ. ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ಹಟ್ಟಿಯ ಬಾಗಿಲಲ್ಲಿ ನಿಂತು ಆಲಿಸೋಣ. ಗೊರಗೊರ ಸದ್ದು ಕೇಳಿಸಿದರೆ, ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸವೇನೆಂಬುದು ಈಗ ನಮಗೆ ತಿಳಿದಿದೆ.